ಓರೆ ಮೇಜಿನ ಚಿತ್ರ

ನಗಬೇಡಿ. ನಕ್ಕರೆ ಇಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಇದು ನಮ್ಮ ಪಕ್ಕದ ಮನೆಯ ಕೋರಲ್‌ಗೆ ಆದದ್ದು, ಇಲ್ಲೇ ನಮ್ಮ ಮೇರಿಬರೊ ಊರಲ್ಲಿ. ಅವಳು ಸುಳ್ಳಿನ ಹೆಂಗಸಲ್ಲ. ನನಗೆ ಗೊತ್ತಿರುವ ಹಾಗೆ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಅರಗಿಸಿಕೊಳ್ಳಲಾಗಲಿಲ್ಲ ಅವಳಿಗೆ.

ಆವತ್ತು ಶುಕ್ರವಾರ. ಕ್ಲಬ್ಬಿನ ಲಾಟರಿಯಲ್ಲಿ ಚೀಟಿ ಎತ್ತಿದಾಗ ಕೋರಲ್‌ಗೆ ಒಂದು ದೊಡ್ಡ ತಟ್ಟೆ ಮಾಂಸ ಬಹುಮಾನ ಬಂತು. ಆರು ಜನ ಕೂತು ಉಣ್ಣುವಷ್ಟು. ಅವಳ ಮನೆಯಲ್ಲಿ ಉಣ್ಣುವವಳು ಅವಳೊಬ್ಬಳೇ. ಗಂಡ ಲೆಸ್ ತೀರಿಕೊಂಡು ಎರಡು ವರ್ಷ. ತಟ್ಟೆಯನ್ನು ಪಕ್ಕದ ಮೇಜಿನವರಿಗೆ ಕೊಟ್ಟು ಬರಿಗೈಯಲ್ಲಿ ಹೊರಟಳು.

ಹತ್ತು ಗಂಟೆ ದಾಟಿತ್ತು. ನದಿ ಕಡೆಯ ದೊಡ್ಡ ಆಲದ ಮರ ಗೊತ್ತಲ್ಲ... ಅದರ ಕೆಳಗೆ ಬಂದಳು. ಮೇಲೆ ಬಾವಲಿಗಳ ಕಿಚಕಿಚ. ಹಣ್ಣು ಉದುರುವ ಸದ್ದು, ಟಪ್... ಟಪ್. ಎದುರಿಗೇ ಐವರ್ ಮುದುಕನ ಮನೆ. ಮುದುಕ ಸತ್ತು ಒಂದು ವಾರವಾಗಿತ್ತು. ಒಳಗೆ ದೀಪವಿಲ್ಲ. ಮುಂದಿನ ಹುಲ್ಲಿನ ಮೇಲೆ ಹಳೇ ಸಾಮಾನಿನ ಗುಡ್ಡೆ.

ಹಳೇ ಸಾಮಾನು ಒಯ್ಯುವ ಪುರಸಭೆ ಲಾರಿ ಬರುವ ವಾರ ಅದು. ಬೇಡದ್ದನ್ನು ಎಲ್ಲರೂ ಬೇಲಿಯ ಹೊರಗೆ, ಮನೆ ಮುಂದಿನ ಹುಲ್ಲಿಗೆ ತಂದು ಹಾಕುತ್ತಾರೆ. ಹುಲ್ಲಿಗೆ ಬಂದದ್ದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ನಾಚಿಕೆಪಡಬೇಕಾಗಿಲ್ಲ. ಬೇಲಿಯ ಒಳಗಿದ್ದರೆ ಮಾತ್ರ ಅದು ಮನೆಯವರದು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಆ ಚಿತ್ರ ಇದ್ದದ್ದು ಬೇಲಿಯ ಒಳಗೆ. ಗೇಟಿನ ಕಂಬಕ್ಕೆ ಒರಗಿತ್ತು. ಒಂದೇ ಗೇಣು ಒಳಗೆ.

ನೀವೂ ನೋಡಿರುತ್ತೀರಿ ಅದನ್ನ. ಓರೆಯಾಗಿ ನಿಂತ ಮೇಜು, ಬಿಳಿ ಬಟ್ಟೆ, ನೀಲಿ ಹೂಜಿ, ಮೂರು ಮರಸೇಬು, ಎರಡು ಕಪ್. ಹೂಜಿಯ ಬಾಯಿ ಮೇಲಿನಿಂದ ಕಾಣುತ್ತದೆ, ಹೊಟ್ಟೆ ಪಕ್ಕದಿಂದ. ಯಾವನೋ ದೊಡ್ಡ ಕಲಾವಿದ ಬರೆದದ್ದಂತೆ. ಅಂಗಡಿಯವರು ಸಾವಿರಗಟ್ಟಲೆ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ ಮಾರಿದರು. ಹಲ್ಲಿನ ಡಾಕ್ಟರ ಹತ್ತಿರ ಒಂದಿದೆ, ಕ್ಲಬ್ಬಿನ ಮೆಟ್ಟಿಲ ಹತ್ತಿರ ಒಂದಿದೆ. ಕೋರಲ್ ಮದುವೆಯಾದಾಗ ಅವರ ಅಡುಗೆಮನೆಯಲ್ಲೂ ಒಂದಿತ್ತು, ನೆರೆ ಬಂದಾಗ ಹಾಳಾಯಿತು. "ಆ ಮೇಜಿನ ಮೇಲೆ ಟೀ ಇಟ್ರೆ ಸೀದಾ ತೊಡೆ ಮೇಲೇ," ಅಂತ ಲೆಸ್ ದಿನಾ ಹೇಳುತ್ತಿದ್ದ, ದಿನಾ ತಾನೇ ನಗುತ್ತಿದ್ದ.

ಅದಕ್ಕೇ ಕೈ ತಡೆಯಲಿಲ್ಲ. ಗುಡ್ಡೆಯಿಂದ ಜಾರಿ ಒಳಗೆ ಬಿದ್ದಿರಬೇಕು ಅಂದುಕೊಂಡಳು. ಬಗ್ಗಿ ಎತ್ತಿಕೊಂಡಳು. ಮರದಲ್ಲಿ ಬಾವಲಿಗಳೆಲ್ಲ ಒಮ್ಮೆಗೇ ಸುಮ್ಮನಾದವು...

ಅಡುಗೆಮನೆಯಲ್ಲಿ ಹಳೇ ಮೊಳೆ ಹಾಗೇ ಇತ್ತು. ತೂಗುಹಾಕಿ ಮಲಗಿದಳು.

ಮರುದಿನ ರಾತ್ರಿ ಒಂಬತ್ತು ಗಂಟೆ. ಮುಂದಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದು, ಕಿರ್ರ್... ಆಮೇಲೆ ಕಪ್ಪಿನಲ್ಲಿ ಚಮಚ ತಿರುಗಿದ ಸದ್ದು. ಟಿಣ್, ಟಿಣ್, ಟಿಣ್. ಕೊನೆಗೆ ಚಮಚವನ್ನು ಅಂಚಿಗೆ ಎರಡು ಸಲ ಕುಟ್ಟಿದ್ದು. ಟಕ್, ಟಕ್.

ಹೋಗಿ ನೋಡಿದಳು. ಯಾರೂ ಇಲ್ಲ. ಕುರ್ಚಿ ಮಾತ್ರ ಒಂದು ಮೊಳ ಹಿಂದಕ್ಕೆ ಸರಿದಿತ್ತು.

ಹೆದರಿದಳಾ? ಹೆದರಿದಳು. ಆದರೆ ಎರಡು ವರ್ಷದಿಂದ ಆ ಮನೆಯಲ್ಲಿ ಅವಳು ಮಾಡಿದ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಮೂರನೇ ರಾತ್ರಿ ಅವಳೇ ಎರಡು ಕಪ್ ಟೀ ಮಾಡಿಟ್ಟಳು. ಒಂದು ಬಿಳಿ ಕಪ್. ಇನ್ನೊಂದು ತನ್ನ ಹಸಿರು ಕಪ್, ಲೆಸ್ ಬೀಳಿಸಿ ಹಿಡಿ ಮುರಿದದ್ದು. ಎದುರು ಕೂತು ಕೇಳಿಸಿಕೊಂಡಳು. ಟಿಣ್, ಟಿಣ್, ಟಿಣ್.

ಮುಂದಿನ ಶುಕ್ರವಾರ ಕ್ಲಬ್ಬಿನಲ್ಲಿ ಐವರ್‌ನ ಸೋದರಸೊಸೆ ಗ್ವೆಂಡಾ ಪಕ್ಕದಲ್ಲಿ ಬಂದು ಕೂತಳು.

"ಕೋರಲ್, ಮಾವನ ಮನೇದೊಂದು ಚಿತ್ರ ಕಣೆ, ನೀಲಿ ಹೂಜೀದು. ಕಾರಿಗೆ ಹಾಕೋಣ ಅಂತ ಗೇಟಿನ ಒಳಗೇ ಇಟ್ಟಿದ್ದೆ. ಯಾವ ಬೇವರ್ಸಿನೋ ಎತ್ಕೊಂಡು ಹೋಗಿದಾನೆ!"

"ಅಷ್ಟೊಂದು ಬೆಲೆಯದಾ?"

"ಬೆಲೆ ಏನು ಬಂತು, ಮಣ್ಣು! ಹೇಜಲ್ ಚಿಕ್ಕಮ್ಮಂಗೆ ಅದೇ ಬೇಕಂತೆ. ಅಣ್ಣ ತಂಗಿ ನಲವತ್ತು ವರ್ಷ ರಾತ್ರಿ ಒಂಬತ್ತಕ್ಕೆ ಅದರ ಕೆಳಗೇ ಕೂತು ಟೀ ಕುಡಿದೋರು. ಈಗ ವೃದ್ಧಾಶ್ರಮದಲ್ಲಿ ಖಾಲಿ ಗೋಡೆ ನೋಡ್ಕೊಂಡು ಕೂತಿದಾಳೆ. ಊಟ ಬಿಟ್ಟಿದಾಳೆ, ಮಾತು ಬಿಟ್ಟಿದಾಳೆ. ನೀನು ಆ ದಾರೀಲೇ ಓಡಾಡ್ತೀಯಲ್ಲ, ಯಾರನ್ನಾದ್ರೂ ನೋಡಿದ್ಯಾ?"

ಕೋರಲ್ ತನ್ನ ಗ್ಲಾಸಿನೊಳಗೆ ನೋಡಿದಳು. "ಇಲ್ಲಮ್ಮ."

ಅದೇ ಆ ಸುಳ್ಳು. ಯಾಕೆ ಹೇಳಿದೆ ಅಂತ ನಾನು ಆಮೇಲೆ ಕೇಳಿದೆ. "ಒಂಬತ್ತಕ್ಕೆ ನಮ್ಮನೇಗೂ ಒಬ್ರು ಬರ್ತಾರೆ ಅನ್ನೋದು ಅಭ್ಯಾಸ ಆಗ್ಬಿಟ್ಟಿತ್ತು," ಅಂದಳು.

ಆವತ್ತು ಬೇಗ ಬೇಗ ಮನೆಗೆ ಬಂದಳು. ಟೀ ಮಾಡಿಟ್ಟಳು. ಒಂಬತ್ತಾಯಿತು. ಕಿರ್ರ್... ಟಿಣ್, ಟಿಣ್, ಟಿಣ್... ಅಂಚಿಗೆ ಕುಟ್ಟುವ ಸದ್ದು ಬರಲಿಲ್ಲ. ಅದರ ಬದಲು ಉಸಿರಿನಷ್ಟೇ ಸಣ್ಣ ದನಿ.

"ಹೇಜಲ್... ಟೀ ಆರಿಹೋಗ್ತಿದೆ."

"ನಾನು ಹೇಜಲ್ ಅಲ್ಲ," ಕೋರಲ್ ಪಿಸುಗುಟ್ಟಿದಳು. "ಕೋರಲ್."

ಚಮಚ ಇನ್ನೊಂದೇ ಸುತ್ತು ತಿರುಗಿತು. ಟಿಣ್...

"ಅವಳೆಲ್ಲಿ?"

ಕೋರಲ್‌ಗೆ ಅಳು ಬಂತು. ಲೆಸ್ ಹೋದ ಹೊಸತರಲ್ಲಿ ಅವಳೂ ಹೀಗೇ ಕೋಣೆಯಿಂದ ಕೋಣೆಗೆ ಕೇಳಿಕೊಂಡು ಓಡಾಡಿದ್ದಳು. ಬಂದವನು ತನಗಾಗಿ ಬಂದವನಲ್ಲ ಅನ್ನುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು.

"ನಾಳೆ ಅವಳ ಹತ್ರ ಸೇರಿಸ್ತೀನಿ," ಅಂದಳು. "ಇವತ್ತೊಂದಿನ... ಕುಡಿದು ಹೋಗಿ."

ಟಕ್, ಟಕ್.

ಬೆಳಿಗ್ಗೆ ಚಿತ್ರ ಹೊತ್ತು ಗ್ವೆಂಡಾಳ ಬಾಗಿಲಿಗೆ ಹೋದಳು.

"ಕಳ್ಳೀ! ನಿನ್ನ ಮುಂದೇನೇ ಬೇವರ್ಸಿ ಅಂತ ಬೈದ್ನಲ್ಲೇ!"

"ಸರಿಯಾಗೇ ಬೈದೆ ಬಿಡು."

ಇಬ್ಬರೂ ಹೋಗಿ ಹೇಜಲ್‌ಳ ಕೋಣೆಯಲ್ಲಿ ತೂಗುಹಾಕಿದರು. ಮುದುಕಿ ಬಹಳ ಹೊತ್ತು ನೋಡಿದಳು. ಆಮೇಲೆ ಟೀ ಕೇಳಿದಳು. ಕೋರಲ್ ಮನೆಗೆ ಬಂದಳು. ಆ ರಾತ್ರಿ ಒಂಬತ್ತಕ್ಕೆ ಹಸಿರು ಕಪ್ ಹಿಡಿದು ಕಾದಳು. ಹತ್ತಾಯಿತು, ಹನ್ನೊಂದಾಯಿತು. ಫ್ರಿಜ್ ಗುಂಯ್‌ಗುಟ್ಟಿದ್ದು ಬಿಟ್ಟರೆ ಏನೂ ಇಲ್ಲ.

ನಾಲ್ಕು ದಿನ ಬಿಟ್ಟು ಗ್ವೆಂಡಾ ಫೋನ್ ಮಾಡಿದಳು. "ಕೋರಲ್, ಆ ಚಿತ್ರಕ್ಕೆ ನೀನೇನಾದ್ರೂ ಬಣ್ಣ ಬಳಿದ್ಯಾ?"

"ನಾನ್ಯಾಕೆ ಬಳೀಲಿ?"

"ಹಾಗಿದ್ರೆ ಬಂದು ನೋಡು."

ಅವಳ ಜೊತೆ ನಾನೂ ಹೋದೆ. ಗಾಜು ಬಿಚ್ಚಿಲ್ಲ. ಹಿಂದಿನ ಕಂದು ಕಾಗದದ ಅಂಟು ಎಲ್ಲೂ ಎದ್ದಿಲ್ಲ. ನಂಬದಿದ್ದರೆ ನೀವೇ ವೃದ್ಧಾಶ್ರಮಕ್ಕೆ ಹೋಗಿ ನೋಡಿ, ಆರನೇ ಕೋಣೆ. ಹಲ್ಲಿನ ಡಾಕ್ಟರ ಹತ್ತಿರದ ಚಿತ್ರದಲ್ಲಿ ಎರಡು ಕಪ್. ಕ್ಲಬ್ಬಿನದರಲ್ಲಿ ಎರಡು. ಹೇಜಲ್‌ಳ ಗೋಡೆಯ ಮೇಲಿರುವುದರಲ್ಲಿ ಮೂರು. ನಾನೇ ಎಣಿಸಿದ್ದೇನೆ. ಮೂರನೆಯದು ಹಸಿರು, ಅದಕ್ಕೆ ಹಿಡಿ ಇಲ್ಲ.