ಪೊಲೀಸ್ ಮಾಮನ ಬೀಳುವ ಪಾಠ

ವೇದಿಕೆಯ ಮೇಲಿರುವ ಹಿರಿಯರೇ, ಪೊಲೀಸ್ ಇಲಾಖೆಯ ಅಧಿಕಾರಿಗಳೇ, ನನ್ನ ಸಹೋದ್ಯೋಗಿ ಬಂಧುಗಳೇ, ತಂದೆತಾಯಂದಿರೇ, ಇಲ್ಲಿ ಮುಂದೆ ಚಾಪೆಯ ಮೇಲೆ ಕೂತಿರುವ ಮಕ್ಕಳೇ — ಎಲ್ಲರಿಗೂ ನನ್ನ ನಮಸ್ಕಾರ. ಅತ್ತಿಗೆ, ದಫೇದಾರರನ್ನು ಕಳೆದುಕೊಂಡ ನಿಮಗೂ ನಿಮ್ಮ ಮಗಳಿಗೂ — ಏನು ಹೇಳಲಿ? ನಮಸ್ಕಾರ ಅಂತಷ್ಟೇ ಹೇಳುತ್ತೇನೆ. ಸಮಾಧಾನ ಮಾಡಿಕೊಳ್ಳಿ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ನನಗೇ ಇನ್ನೂ ಸಮಾಧಾನ ಆಗಿಲ್ಲ.

ನನ್ನನ್ನು ನೀವೆಲ್ಲ ಬಲ್ಲಿರಿ. ಈ ಶಾಲೆಯ ಡ್ರಿಲ್ ಮೇಷ್ಟ್ರು. ಮೈಕ್ ಇಲ್ಲದೆ ಮೂರು ಬೀದಿ ಆಚೆ ಕೇಳಿಸುವ ಗಂಟಲು ಅಂತ ನೀವೇ ಆಡಿಕೊಳ್ಳುತ್ತೀರಿ. ಇವತ್ತು ಮೈಕ್ ಕೊಟ್ಟಿದ್ದಾರೆ — ಗಂಟಲೇ ಇಲ್ಲ. ನಡುನಡುವೆ ನಿಂತರೆ ಬೇಜಾರು ಮಾಡಿಕೊಳ್ಳಬೇಡಿ.

ನನಗಿಂತ ಮೊದಲು ಮಾತಾಡಿದವರು 'ತುಂಬಲಾರದ ನಷ್ಟ' ಎಂದರು, 'ವಿಧಿಯ ಆಟ' ಎಂದರು. ದೊಡ್ಡವರು, ಅನ್ನಲಿ. ನನಗೆ ಮಾತ್ರ ಸಿಟ್ಟು ಬರುತ್ತದೆ. ಆಟ ಆಡಿಸುವುದು ನನ್ನ ಕೆಲಸ. ಇದು ಯಾವ ಆಟ ಸ್ವಾಮಿ? ಬೆಳಗ್ಗೆ ನನ್ನ ಜೊತೆ ಚಹಾ ಕುಡಿದ ಮನುಷ್ಯ, 'ನಿಮ್ಮ ಚಹಾ ದಿನೇ ದಿನೇ ನೀರಾಗ್ತಿದೆ ಮೇಷ್ಟ್ರೇ' ಅಂತ ರೇಗಿಸಿ ಹೋದ ಮನುಷ್ಯ, ಊಟದ ಬೆಲ್ ಹೊಡೆಯುವ ಹೊತ್ತಿಗೆ ಇಲ್ಲ. ಇಲ್ಲ ಅಂದರೆ — ಇಲ್ಲವೇ ಇಲ್ಲ. ನನಗೆ ಇದು ತಲೆಗೆ ಹೋಗುತ್ತಿಲ್ಲ.

ದಫೇದಾರರು ಈ ಶಾಲೆಗೆ ಬಂದ ದಿನ ನಾವು ಯಾರೂ ಹಾರ ಹಿಡಿದು ನಿಂತಿರಲಿಲ್ಲ. ಹೋದವರ ಬಗ್ಗೆ ಚಂದದ ಮಾತಾಡಬೇಕು ಅಂತ ಅದನ್ನು ಮುಚ್ಚಿಡುವುದು ಬೇಡ. ಸಣ್ಣ ಮಕ್ಕಳ ಶಾಲೆಗಳಲ್ಲಿ ಒಬ್ಬೊಬ್ಬ ಪೊಲೀಸರನ್ನು ಇಡುತ್ತಾರೆ ಅಂತ ಆದೇಶ ಬಂದಾಗ ಟೀಚರ್‌ಗಳ ಕೋಣೆಯಲ್ಲಿ ದೊಡ್ಡ ಗಲಾಟೆ. 'ಯಾಕ್ರೀ ಪೊಲೀಸು? ಪೆನ್ಸಿಲ್ ಕದ್ದೋರನ್ನ ಹಿಡಿಯೋಕಾ?' ಅಂತ ಕೇಳಿದ್ದು ಇದೇ ಬಾಯಿ. ಹೆಡ್ ಮೇಡಂ ನಗಲಿಲ್ಲ. 'ಜಾಗ ಇಲ್ಲ, ನಿಮ್ಮ ರೂಮಲ್ಲೇ ಒಂದು ಮೇಜು ಹಾಕಿಕೊಡಿ' ಅಂದುಬಿಟ್ಟರು. ನನ್ನ ರೂಮು ಅಂದರೆ ಏನು? ಗಾಳಿ ಹೋದ ಫುಟ್‌ಬಾಲು, ಗಂಟು ಬಿದ್ದ ಸ್ಕಿಪ್ಪಿಂಗ್ ಹಗ್ಗ, ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಚೀಲ. ಅದರ ಮಧ್ಯೆ ಒಂದು ಮೇಜು, ಒಂದು ಕುರ್ಚಿ, ಅದರ ಮೇಲೆ ಅಷ್ಟು ದೊಡ್ಡ ಹೊಟ್ಟೆಯ ದಫೇದಾರರು. ಅತ್ತಿಗೆ ನಗುತ್ತಿದ್ದಾರೆ. ನಗಿ ಅತ್ತಿಗೆ. ಆ ಹೊಟ್ಟೆ ನಿಮ್ಮ ಕೈಯಡುಗೆಯ ಸರ್ಟಿಫಿಕೇಟು ಅಂತ ಅವರೇ ಹೇಳುತ್ತಿದ್ದರು.

ಮೊದಲ ದಿನ ಅವರೂ ಸೀಟಿ ಊದಿದರು, ನಾನೂ ಊದಿದೆ. ಅರ್ಧ ಮಕ್ಕಳು ಅತ್ತ ಓಡಿದವು, ಅರ್ಧ ಇತ್ತ ಓಡಿದವು. ನನಗೆ ಮೈಯೆಲ್ಲ ಉರಿ. ಜಗಳಕ್ಕೆ ಅಂತಲೇ ರೂಮಿಗೆ ಹೋದೆ. ಅವರು ತಮ್ಮ ಸೀಟಿ ಬಿಚ್ಚಿ ಡ್ರಾಯರ್ ಒಳಗೆ ಹಾಕುತ್ತಿದ್ದರು. 'ಶಾಲೆಗೆ ಒಂದೇ ಸೀಟಿ ಸಾಕು ಮೇಷ್ಟ್ರೇ. ನಿಮ್ದೇ ಜೋರಾಗಿದೆ, ನಿಮ್ದೇ ಇರ್ಲಿ' ಅಂದರು. ಜಗಳಕ್ಕೆ ಹೋದವನು ಚಹಾ ಹಾಕಿಕೊಟ್ಟು ಬಂದೆ.

ಠಾಣೆಯಲ್ಲಿ ಅವರ ಜೊತೆಯವರೂ ಬಿಡುತ್ತಿರಲಿಲ್ಲ. 'ಏನಪ್ಪಾ, ಅ ಆ ಇ ಈ ಡ್ಯೂಟಿ ಹೇಗಿದೆ?' ಅಂತ ಕಾಲೆಳೆಯುತ್ತಿದ್ದರಂತೆ. ಇಲ್ಲಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದೀರಿ, ನಿಮ್ಮನ್ನು ಬೈಯುತ್ತಿಲ್ಲ. ಅವರು ಅದನ್ನು ನಗುತ್ತಲೇ ಹೇಳಿದ್ದು.

ಆದರೆ ಒಂದು ವಿಷಯಕ್ಕೆ ಅವರಿಗೆ ನಗು ಬರುತ್ತಿರಲಿಲ್ಲ. ಗೇಟಿನ ಹತ್ತಿರ ಯಾವ ತಾಯಿಯಾದರೂ ಮಗುವಿಗೆ 'ನೋಡು, ಅಳ್ತಾ ಇದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾನೆ' ಅಂದರೆ ಸಾಕು, ಅಲ್ಲಿಗೇ ಹೋಗುತ್ತಿದ್ದರು. ಕೈ ಮುಗಿದು — ಹೀಗೆ, ಎರಡೂ ಕೈ ಮುಗಿದು — 'ಅಮ್ಮಾ, ನನ್ನ ಹೆಸ್ರು ಹೇಳಿ ಹೆದರಿಸ್ಬೇಡಿ. ನಾಳೆ ನಿಮ್ಮ ಮಗು ಎಲ್ಲಾದ್ರೂ ದಾರಿ ತಪ್ಪಿದ್ರೆ ನನ್ನ ಕಂಡು ಓಡ್ಬರ್ಬೇಕು. ಬಚ್ಚಿಟ್ಕೊಳ್ಬಾರ್ದು' ಅನ್ನುತ್ತಿದ್ದರು. ಅವರ ಕೆಲಸ ಏನು, ಅವರು ಇಲ್ಲಿ ಯಾಕಿದ್ದರು ಅಂತ ಕೇಳುವವರಿಗೆ ಇದಕ್ಕಿಂತ ಹೆಚ್ಚು ನನಗೆ ಹೇಳಲು ಗೊತ್ತಿಲ್ಲ.

ಬಚ್ಚಿಟ್ಟುಕೊಂಡ ಮಗು ಇತ್ತು. ಎರಡನೇ ಕ್ಲಾಸಿನ ಹುಡುಗಿ. ನಾವೆಲ್ಲ ಗುಬ್ಬಿ ಅನ್ನುತ್ತೇವೆ. ಇಲ್ಲೇ ಇದ್ದಾಳೆ, ಅವಳ ಅಜ್ಜಿಯ ಪಕ್ಕ. ಆ ಖಾಕಿ ಕಂಡರೆ ಸಾಕು, ಬೆಂಚಿನ ಕೆಳಗೆ ಸೇರುತ್ತಿದ್ದಳು. ಅವಳ ಮನೆಗೆ ಹಿಂದೊಮ್ಮೆ ಪೊಲೀಸರು ಬಂದು ಹೋಗಿದ್ದರಂತೆ. ಯಾಕೆ ಅಂತ ನಾನು ಕೇಳಿಲ್ಲ. ದಫೇದಾರರೂ ಕೇಳಲಿಲ್ಲ. ಅವರು ಮಾಡಿದ್ದು ಇಷ್ಟೇ: ದಿನಾ ಆ ಕ್ಲಾಸಿನ ಬಾಗಿಲಾಚೆ, ಮಕ್ಕಳ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕೂತು ಬಿಸ್ಕತ್ತು ತಿನ್ನುವುದು. ಒಳಗೆ ನೋಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಒಂದು ದಿನ ಬೆಂಚಿನ ಕೆಳಗಿಂದಲೇ ಮಾತು ಬಂತು — 'ಮಾಮ, ಆ ಚಪ್ಪಲಿ ನಂದು. ಅದರ ಮೇಲೆ ಕೂತ್ಕೊಂಡಿದ್ದೀರಿ.' ಅವತ್ತು ನನ್ನ ರೂಮಿಗೆ ಓಡಿ ಬಂದು ಹೇಳಿದರು ನೋಡಿ, 'ಮೇಷ್ಟ್ರೇ, ಬೈದ್ಲು! ನನ್ನ ಬೈದ್ಲು!' ಅಂತ — ಬಡ್ತಿ ಸಿಕ್ಕಿದ್ದರೂ ಅಷ್ಟು ಕುಣಿಯುತ್ತಿರಲಿಲ್ಲ.

ಇನ್ನು ಆ ಪಾಠ.

ತಂದೆತಾಯಂದಿರಲ್ಲಿ ಕೆಲವರಿಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಅವರು ಮಕ್ಕಳಿಗೆ ಬೀಳುವ ಪಾಠ ಅಂತ ಒಂದು ಮಾಡುತ್ತಿದ್ದರು. ಮನೆಯಲ್ಲಿ ದೊಡ್ಡವರೊಬ್ಬರು ಇದ್ದಕ್ಕಿದ್ದಂತೆ ಬಿದ್ದರೆ ಮಗು ಏನು ಮಾಡಬೇಕು? ಮೊದಲು ಜೋರಾಗಿ ಕೂಗಬೇಕು. ಆಮೇಲೆ ಅವರ ಫೋನಿಂದ ತುರ್ತು ನಂಬರು ಒತ್ತಬೇಕು. ಎಲ್ಲಿದ್ದೇವೆ ಅಂತ ಗುರುತು ಹೇಳಬೇಕು. ಯಾರಾದರೂ ಬರುವವರೆಗೆ ಕೈ ಹಿಡಿದು ಪಕ್ಕದಲ್ಲೇ ಕೂತಿರಬೇಕು. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಬಹುದಿತ್ತು. ಇವರು ಮೈದಾನದಲ್ಲಿ ದೊಪ್ಪನೆ ಬೀಳುತ್ತಿದ್ದರು! ಯಾವಾಗ ಬೀಳುತ್ತಾರೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ, ನಮಗೂ. 'ಒಂದು ಮಾತು ಹೇಳಿ ಬೀಳ್ರೀ' ಅಂದರೆ 'ಹೇಳಿ ಯಾರು ಬೀಳ್ತಾರೆ ಮೇಷ್ಟ್ರೇ?' ಅನ್ನುತ್ತಿದ್ದರು. ಮಕ್ಕಳು ಕೂಗಿ, ಓಡಿ, ಒಂದು ಕೆಟ್ಟುಹೋದ ಫೋನು ಇಟ್ಟುಕೊಂಡು ಎಲ್ಲ ಮಾಡಬೇಕು. ಮಲಗಿದ ಮನುಷ್ಯನಿಗೆ ನಗು ತಡೆಯಲಾಗದೆ ಹೊಟ್ಟೆ ಕುಲುಕುಲು ಕುಲುಕುತ್ತಿತ್ತು. ಮಕ್ಕಳು ಒಂದನ್ನು ಮರೆತರೂ ಏಳುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ 'ಏನೋ ಬಿಟ್ರಿ, ಏನೋ ಬಿಟ್ರಿ' ಅನ್ನುತ್ತಿದ್ದರು. ಎಲ್ಲ ಸರಿಯಾದ ಮೇಲೆ ಧೂಳು ಕೊಡವಿ ಎದ್ದು, 'ಭೇಷ್! ನೀವು ಸರಿಯಾಗಿ ಮಾಡಿದ್ರಿ, ನಂಗೆ ಜೀವ ಬಂತು!' ಅಂತ ಕೈ ಎತ್ತುತ್ತಿದ್ದರು. ಮಕ್ಕಳು ಎಷ್ಟು ಬೇಗ ಮುಗಿಸುತ್ತವೆ ಅಂತ ಗಡಿಯಾರ ಹಿಡಿಯುವುದು ನನ್ನ ಪಾಲಿನ ಕೆಲಸ.

— ಸ್ವಲ್ಪ ನೀರು ಕೊಡಿ.

ಅವತ್ತು ಮೈದಾನದಲ್ಲಿ ಎರಡನೇ ಕ್ಲಾಸಿನ ಮಕ್ಕಳಿದ್ದವು. ದಫೇದಾರರು ನೀರಿನ ನಲ್ಲಿಯಿಂದ ಈ ಕಡೆ ಬರುತ್ತಿದ್ದರು. ಬಿದ್ದರು. ದೊಪ್ಪನೆ, ಯಾವಾಗಲೂ ಬೀಳುವ ಹಾಗೇ. ಜಗುಲಿಯಲ್ಲಿದ್ದ ಟೀಚರ್‌ಗಳು 'ಶುರುವಾಯ್ತು ಇವರದ್ದು' ಅಂತ ನಕ್ಕರು. ನಾನು ಏನು ಮಾಡಿದೆ ಗೊತ್ತೇ? ಗಡಿಯಾರ ಒತ್ತಿದೆ. ಇಲ್ಲಿ, ಹೆಬ್ಬೆರಳಿನಲ್ಲಿ, ಟಿಕ್ ಅಂತ ಒತ್ತಿ ನಗುತ್ತಾ ನಿಂತೆ.

ಗುಬ್ಬಿ ಓಡಿ ಹತ್ತಿರ ಹೋದಳು. ಬಗ್ಗಿ ನೋಡಿದಳು. ತಿರುಗಿ ನನ್ನ ಕಡೆ ಕೂಗಿದಳು — 'ಸಾರ್! ಮಾಮನ ಹೊಟ್ಟೆ ನಗ್ತಾ ಇಲ್ಲ!'

ನನಗೆ ಅರ್ಥ ಆಗಲಿಲ್ಲ. ಆ ಮಗುವಿಗೆ ಅರ್ಥ ಆಗಿತ್ತು. ಕೆಟ್ಟ ಫೋನಿಗೆ ಕೈ ಹಾಕಲಿಲ್ಲ ಅವಳು, ಅವರ ಅಂಗಿಯ ಜೇಬಿಂದ ನಿಜವಾದ ಫೋನು ತೆಗೆದಳು. ಆಗಲೇ ನನಗೆ ಹೊಳೆದದ್ದು. ನಾನು ಓಡಿ ಹೋಗುವಷ್ಟರಲ್ಲಿ ಅವಳು ಮಾತಾಡುತ್ತಿದ್ದಳು. 'ನಮ್ಮ ಶಾಲೆ. ನೀರಿನ ಟ್ಯಾಂಕ್ ಪಕ್ಕ. ಹಿಂದಿನ ಗೇಟಿಗೆ ಬನ್ನಿ, ಅದು ದೊಡ್ಡದು' — ಅಳು ಇಲ್ಲ, ತೊದಲು ಇಲ್ಲ. ನಾನು ಅವರ ಎದೆ ಒತ್ತಿದೆ, ಹೆಡ್ ಮೇಡಂ ಓಡಿ ಬಂದರು, ಆಂಬುಲೆನ್ಸ್ ಹಿಂದಿನ ಗೇಟಿಗೇ ಬಂತು. ಅಷ್ಟು ಹೊತ್ತೂ ಅವಳು ಅವರ ಒಂದು ಬೆರಳು ಹಿಡಿದು ಕೂತಿದ್ದಳು. ಪೂರ್ತಿ ಕೈ ಹಿಡಿಯಲು ಅವಳ ಕೈ ಸಾಲದು. ಆಂಬುಲೆನ್ಸಿನವರು 'ಫೋನ್ ಮಾಡಿದ್ದು ಯಾರು?' ಅಂತ ನನ್ನನ್ನೇ ಕೇಳಿದರು. ನಾನು ಕೈ ತೋರಿಸಿದೆ.

ಡಾಕ್ಟರ್ ಆಮೇಲೆ ನಮಗೆ ಹೇಳಿದರು. ನೆಲಕ್ಕೆ ಬೀಳುವ ಮೊದಲೇ ಹೃದಯ ನಿಂತು ಎಲ್ಲ ಮುಗಿದಿತ್ತು, ಪಕ್ಕದಲ್ಲೇ ಆಸ್ಪತ್ರೆ ಇದ್ದಿದ್ದರೂ ಉಳಿಯುತ್ತಿರಲಿಲ್ಲ ಅಂತ. ನಾವು ದೊಡ್ಡವರು ಕೇಳಿದೆವು, ಗರ ಬಡಿದವರ ಹಾಗೆ ಮನೆಗೆ ಹೋದೆವು. ಮಾರನೇ ದಿನ ಶಾಲೆಯಲ್ಲಿ ಮಕ್ಕಳು ಕೇಳಿದವು. 'ಮಾಮ ಎಲ್ಲಿ?' ನಾವು ಏನಂದೆವು? ಒಬ್ಬರು 'ಮಲಗಿದ್ದಾರೆ' ಅಂದರು. ಇನ್ನೊಬ್ಬರು 'ದೂರ ಹೋಗಿದ್ದಾರೆ, ಬರ್ತಾರೆ' ಅಂದರು. ನಾನು 'ಲೈನ್‌ನಲ್ಲಿ ನಿಲ್ಲಿ' ಅಂದೆ. ಆ ಒಂದು ಮಾತು ಹೇಳಲು ಈ ಶಾಲೆಯಲ್ಲಿ ಒಂದು ಬಾಯಿ ಇರಲಿಲ್ಲ.

ಈ ವಾರ ಊಟದ ಬಿಡುವಿನಲ್ಲಿ ಮೈದಾನ ನೋಡಿದೆ. ಗುಬ್ಬಿ ಒಬ್ಬಳೇ, ಅವರು ಬಿದ್ದ ಜಾಗದಲ್ಲಿ. ಖಾಲಿ ನೆಲದ ಮುಂದೆ ಮಂಡಿಯೂರಿ ಕೂಗುತ್ತಾಳೆ, ಇಲ್ಲದ ಫೋನು ಕಿವಿಗೆ ಇಡುತ್ತಾಳೆ, ಗುರುತು ಹೇಳುತ್ತಾಳೆ, ಇಲ್ಲದ ಕೈ ಹಿಡಿದು ಕೂರುತ್ತಾಳೆ. ಮತ್ತೆ ಮೊದಲಿಂದ. ಮಾರನೇ ದಿನವೂ ಹಾಗೇ. ಹತ್ತಿರ ಹೋಗಿ 'ಏನಮ್ಮಾ ಮಾಡ್ತಿದ್ದೀ?' ಅಂದೆ. 'ಪ್ರಾಕ್ಟೀಸ್ ಸಾರ್. ನಾನು ಏನೋ ಬಿಟ್ಟಿದ್ದೀನಿ. ಅದಕ್ಕೇ ಮಾಮ ಏಳ್ಲಿಲ್ಲ' ಅಂದಳು.

ಕೇಳಿಸಿತೇ ನಿಮಗೆ? ಏನೋ ಬಿಟ್ಟಿದ್ದೀನಿ ಅಂತೆ!

ಅವತ್ತು ಸಂಜೆ ಅತ್ತಿಗೆಯ ಮನೆಗೆ ಹೋದೆ. ಸಮಾಧಾನ ಹೇಳಬೇಕಾದವನು ಹೋಗಿ ಅವರ ಮುಂದೆ ಗೋಳೋ ಅಂತ ಅತ್ತೆ. ಅತ್ತಿಗೆ ಕಣ್ಣೊರೆಸಿಕೊಂಡು, 'ನಿಮ್ಮಣ್ಣ ಮಕ್ಕಳಿಗೆ ಸುಳ್ಳು ಹೇಳಿದೋರಲ್ಲ. ಆ ಮಗುವನ್ನ ಹಾಗೆ ಬಿಡ್ಬೇಡಿ. ನಿಮ್ಮ ಕೈಲಿ ಆಗ್ದಿದ್ರೆ ನಾನೇ ಬಂದು ಹೇಳ್ತೀನಿ' ಅಂದರು. ಇಲ್ಲ ಅತ್ತಿಗೆ, ಅದನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ ಅಂದೆ. ಅವಳ ಅಜ್ಜಿಯನ್ನು ಕೇಳಿದ್ದೇನೆ. ಅವರು ಒಪ್ಪಿದ್ದಾರೆ. ಅಧಿಕಾರಿಗಳು, ಊರಿನವರು, ಎಲ್ಲರೂ ಇರುವಾಗಲೇ ಹೇಳಬೇಕು, ಇದಕ್ಕೆ ಎಲ್ಲರೂ ಸಾಕ್ಷಿ ಇರಬೇಕು ಅಂತ ನಾನೇ ಹಟ ಹಿಡಿದೆ. ಅಧಿಕಾರಿಗಳೇ, ನೀವು ಇಲ್ಲಿಗೆ ಇನ್ನೊಬ್ಬರನ್ನು ಕಳಿಸುತ್ತೀರೋ ಇಲ್ಲವೋ, ಆ ಮಾತು ನಾಳೆ ಆಡೋಣ. ಇವತ್ತು ನನಗಿರುವುದು ಇದೊಂದೇ ಕೆಲಸ.

ಗುಬ್ಬೀ. ಇಲ್ಲಿ ಬಾಮ್ಮಾ. ಅಜ್ಜಿಯನ್ನೂ ಕರ್ಕೊಂಡು ಬಾ. ಹೆದರ್ಬೇಡ. ಇಲ್ಲಿ ನಿಂತ್ಕೋ.

ನೋಡು ಮಗು. ಮಾಮ ಸತ್ತುಹೋಗಿದ್ದಾರೆ. ಮಲಗಿಲ್ಲ. ದೂರ ಹೋಗಿಲ್ಲ. ಸತ್ತುಹೋಗಿದ್ದಾರೆ. ಅವರು ಇನ್ನು ಏಳೋದಿಲ್ಲ.

ನೀನು ಕೂಗಿದ್ದು ಸರಿ. ಫೋನ್ ಮಾಡಿದ್ದು ಸರಿ. ಗೇಟು ಹೇಳಿದ್ದು ಸರಿ. ಕೈ ಹಿಡ್ಕೊಂಡಿದ್ದು ಸರಿ. ನೀನು ಏನೂ ಬಿಡ್ಲಿಲ್ಲ. ಡಾಕ್ಟರು ಹೇಳಿದ್ದಾರೆ, ನಾನು ಕಣ್ಣಾರೆ ನೋಡಿದ್ದೀನಿ. ಎಲ್ಲಾ ಸರಿಯಾಗಿ ಮಾಡಿದ್ರೂ ಕೆಲವು ಸಲ ಜನ ಏಳೋದಿಲ್ಲ. ಅದನ್ನ ಮಾಮ ನಿಮಗೆ ಹೇಳ್ಕೊಡ್ಲಿಲ್ಲ. ಹೇಗೆ ಹೇಳೋದು ಅಂತ ಅವ್ರಿಗೂ ಗೊತ್ತಿರ್ಲಿಲ್ವೇನೋ. ನನಗೂ ಗೊತ್ತಿಲ್ಲ ಮಗು.

ಏನಮ್ಮಾ? ಇನ್ನೊಂದ್ಸಲ ಹೇಳು.

— ಹಿಂದೆ ಕೂತವರಿಗೆ ಕೇಳಿಸಲಿಲ್ಲ. 'ಹಾಗಾದ್ರೆ ನಾಳೆಯಿಂದ ಪ್ರಾಕ್ಟೀಸ್ ಬೇಡ್ವಾ ಸಾರ್?' ಅಂತ ಕೇಳುತ್ತಿದ್ದಾಳೆ.

ಬೇಡಮ್ಮಾ. ಬೇಡ. ನಾಳೆಯಿಂದ ಆಟ ಆಡ್ಕೋ.

...ಅಳ್ಲಿ, ಬಿಡಿ. ಯಾರೂ ಸುಮ್ಮನಿರಿಸಬೇಡಿ. ಅವತ್ತಿಂದ ಈ ಮಗು ಅತ್ತೇ ಇಲ್ಲ.

ಬಂಧುಗಳೇ, ನನ್ನ ಮಾತು ಮುಗಿಯಿತು. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ನಾವು ದೊಡ್ಡವರು ಬಾಯಿ ಮುಚ್ಚಿ ನಿಲ್ಲೋಣ. ಮಗು ಅಳುವಷ್ಟು ಅಳಲಿ.