ನಾಲ್ಕು ಗಂಟೆಯ ಬೀಗ

ವೇದಿಕೆಯ ಮೇಲಿರುವ ಮಾನ್ಯ ಮುಖ್ಯೋಪಾಧ್ಯಾಯರಾದ ರುವಾನ್ ಜಿಹಾಂಗ್ ಅವರೇ, ಶಾಲೆಯ ಪಕ್ಷ ಸಮಿತಿಯ ಕಾರ್ಯದರ್ಶಿಗಳೇ, ಶಿಕ್ಷಣ ಇಲಾಖೆಯಿಂದ ಬಂದಿರುವ ಗಣ್ಯರೇ, ಮುಂದಿನ ಸಾಲಿಗಾಗಿ ಬೆಳಗ್ಗೆಯೇ ಬಂದು ಕೂತ ನನ್ನ ನಿವೃತ್ತ ಸಹೋದ್ಯೋಗಿಗಳೇ, ಹಳೆಯ ವಿದ್ಯಾರ್ಥಿಗಳೇ, ಪೋಷಕರೇ, ತೊಡೆಯ ಮೇಲೆ ಪುಸ್ತಕ ಬಚ್ಚಿಟ್ಟುಕೊಂಡು ಓದುತ್ತಾ ಚಪ್ಪಾಳೆಯನ್ನು ಮಾತ್ರ ಸರಿಯಾದ ಹೊತ್ತಿಗೆ ತಟ್ಟುತ್ತಿರುವ ಮೂರನೇ ವರ್ಷದ ಮಕ್ಕಳೇ, ಹೌದು, ನಿಮ್ಮನ್ನೇ ಹೇಳುತ್ತಿದ್ದೇನೆ, ಇಲ್ಲಿಂದ ಎಲ್ಲವೂ ಕಾಣುತ್ತದೆ, ಮತ್ತು ಸಮಸ್ತ ಸಭಿಕರೇ!

ನಾನು ಚಿಯು ಸುವೆನ್. ಈ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವಳು. ಯುವಾನ್‌ಪು ನಂಬರ್ ಒನ್ ಹೈಸ್ಕೂಲಿಗೆ ನೂರ ಇಪ್ಪತ್ತು ವರ್ಷ ತುಂಬಿದ ಈ ಶುಭದಿನದಲ್ಲಿ ನನ್ನ ಎದೆಗೆ ಇಷ್ಟು ದೊಡ್ಡ ಕೆಂಪು ಹೂವು ಸಿಕ್ಕಿಸಿದ್ದೀರಿ. ಮದುವೆಯ ದಿನವೂ ನನಗೆ ಇಷ್ಟು ದೊಡ್ಡ ಹೂವು ಸಿಕ್ಕಿರಲಿಲ್ಲ. 'ಶಾಲೆಯ ಇತಿಹಾಸ ಮತ್ತು ಶೈಕ್ಷಣಿಕ ಸಾಧನೆ' ಎಂಬ ವಿಷಯ ಕೊಟ್ಟಿದ್ದೀರಿ. ಭಾಷಣವನ್ನೂ ಕಚೇರಿಯವರೇ ಬರೆದುಕೊಟ್ಟಿದ್ದಾರೆ. ತುಂಬ ಚೆನ್ನಾಗಿದೆ. ಕೈಚೀಲದಲ್ಲಿ ಭದ್ರವಾಗಿದೆ. ಅದು ಅಲ್ಲೇ ಇರಲಿ.

ಸಾಧನೆ ಎಂದರೇನು? ಒಲಿಂಪಿಯಾಡ್ ಪದಕಗಳು ಗಾಜಿನ ಕಪಾಟಿನಲ್ಲಿವೆ, ಹೋಗಿ ನೋಡಿ. ಬೀಜಿಂಗಿನ ದೊಡ್ಡ ವಿಶ್ವವಿದ್ಯಾಲಯಗಳಿಗೆ ಸೇರಿದವರ ಹೆಸರು ಗೇಟಿನ ಕೆಂಪು ಬ್ಯಾನರಿನ ಮೇಲಿದೆ, ಅದನ್ನು ನೀವೆಲ್ಲ ಓದಿಯೇ ಒಳಗೆ ಬಂದಿದ್ದೀರಿ. ಬೆಳಗಿನ ಗಟ್ಟಿ ಓದು, ತಿಂಗಳ ಪರೀಕ್ಷೆ, ಸಂಜೆಯ ಸ್ವಂತ ಓದು, ಇವು ಪ್ರಾಂತ್ಯದ ಎಲ್ಲ ಒಳ್ಳೆಯ ಶಾಲೆಗಳಲ್ಲೂ ಇವೆ. ಅಲ್ಲೆಲ್ಲೂ ಇಲ್ಲದೆ ನಮ್ಮಲ್ಲಿ ಮಾತ್ರ ಇರುವುದು ಯಾವುದು? ಹೇಳಿ ನೋಡೋಣ.

ಬಿಸಿಲಿನ ಪೀರಿಯಡ್! ನಾಲ್ಕು ಗಂಟೆಗೆ ಗಂಟೆ ಬಾರಿಸುತ್ತದೆ. ಪ್ರತಿ ತರಗತಿಯ ಬೀಗದ ಹುಡುಗನೋ ಹುಡುಗಿಯೋ ಎಲ್ಲರನ್ನೂ ಹೊರಗೆ ಅಟ್ಟಿ ಬಾಗಿಲಿಗೆ ಬೀಗ ಜಡಿಯುತ್ತಾರೆ. ಐದರವರೆಗೆ ಮೇಷ್ಟ್ರು, ಮಕ್ಕಳು ಯಾರೂ ಒಳಗಿರಕೂಡದು. ಬಯಲಲ್ಲಿ ಓಡಿ, ಪುಕ್ಕದ ಚೆಂಡನ್ನು ನೆಲಕ್ಕೆ ಬೀಳದ ಹಾಗೆ ಒದೆಯಿರಿ, ಜಗಳ ಆಡಿ, ಸುಮ್ಮನೆ ಬಿದ್ದುಕೊಳ್ಳಿ. ಪುಸ್ತಕ ಮಾತ್ರ ಮುಟ್ಟುವ ಹಾಗಿಲ್ಲ.

ಇದನ್ನು ಯಾರೋ ಆಟಬಡುಕರು ಮಾಡಿದ್ದಲ್ಲ. ಯುದ್ಧದ ಕಾಲದಲ್ಲಿ ಊರಿನ ಮೇಲೆ ಬಾಂಬು ಬಿದ್ದಾಗ ಅಂದಿನ ಮುಖ್ಯೋಪಾಧ್ಯಾಯರಾದ ಗು ಬೊಯಾನ್ ಅವರು ಇಡೀ ಶಾಲೆಯನ್ನು ಬೆಟ್ಟಗಳಿಗೆ ನಡೆಸಿಕೊಂಡು ಹೋದರು. ಪ್ರಯೋಗಾಲಯದ ತಕ್ಕಡಿಯನ್ನು ಹತ್ತಿಯಲ್ಲಿ ಸುತ್ತಿ ಮಕ್ಕಳೇ ಸರದಿಯಲ್ಲಿ ಹೊತ್ತರು. ಗುಹೆಯೊಳಗೆ ಎಣ್ಣೆ ದೀಪದಲ್ಲಿ ಪಾಠ. ಶತ್ರು ವಿಮಾನದ ಭಯಕ್ಕೆ ಹಗಲಿಡೀ ಯಾರೂ ಹೊರಗೆ ತಲೆ ಹಾಕುತ್ತಿರಲಿಲ್ಲ. ಒಂದು ಚಳಿಗಾಲ ಆ ತೇವದಲ್ಲಿ ಮೂವರು ಮಕ್ಕಳು ಕೆಮ್ಮಿ ಕೆಮ್ಮಿ ತೀರಿಕೊಂಡರು. ಮೂರನೆಯ ಮಗುವನ್ನು ಮಣ್ಣು ಮಾಡಿ ಬಂದ ದಿನವೇ ಗು ಅವರು ಗುಹೆಗೆ ಬಾಗಿಲು ಮಾಡಿಸಿ, ವಿಮಾನಗಳು ತಮ್ಮ ನೆಲೆಗೆ ಮರಳಿಹೋಗುವ ನಾಲ್ಕು ಗಂಟೆಗೆ ಎಲ್ಲರನ್ನೂ ಹೊರಗೆ ಹಾಕಿ ಬೀಗ ಹಾಕಿದರು. ಗಣಿತದ ಮೇಷ್ಟ್ರು ಪಾಠ ಮುಗಿದಿಲ್ಲವೆಂದು ರೇಗಾಡಿದರಂತೆ. ಆಗ ಗು ಅವರು, "ಗಣಿತ ಎಲ್ಲಿಗೂ ಓಡಿಹೋಗಲ್ಲ ಮಾರಾಯ್ರೆ, ನಾಳೆ ಕಲಿಯೋಕೆ ಮಕ್ಕಳು ಉಳೀಬೇಕಲ್ಲ!" ಅಂದರಂತೆ. ಊರಿಗೆ ಮರಳಿದ ಮೇಲೂ ಬೀಗ ನಿಲ್ಲಲಿಲ್ಲ. ಮಳೆ ಬಂದರೂ ನಾವು ಅದನ್ನು ಬಿಸಿಲಿನ ಪೀರಿಯಡ್ ಎಂದೇ ಕರೆಯುತ್ತೇವೆ, ಚಾವಣಿಯಡಿ ನಿಂತಾದರೂ ಒದೆಯುತ್ತೇವೆ.

ಈಗ ಆ ಬೀಗಕ್ಕೇ ಕುತ್ತು ಬಂದಿದೆ. ಕಳೆದ ವರ್ಷ ಪ್ರಾಂತ್ಯದಲ್ಲಿ ನಾವು ಎರಡನೇ ಸ್ಥಾನಕ್ಕೆ ಇಳಿದೆವು. ಅಯ್ಯೋ, ಆಕಾಶವೇ ಕಳಚಿ ಬಿದ್ದ ಹಾಗಾಯಿತು! ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯುವ ಮೂರನೇ ವರ್ಷದವರಿಗೆ ಬಿಸಿಲಿನ ಪೀರಿಯಡ್ ಬೇಡ, ಆ ಹೊತ್ತಿನಲ್ಲೂ ಓದಲಿ ಎಂದು ಪೋಷಕರು ಮನವಿ ಕೊಟ್ಟಿದ್ದಾರೆ. ಇವತ್ತು ಮೂರನೇ ವರ್ಷದವರಿಗೆ ತಪ್ಪಿದ್ದು ನಾಳೆ ಎಲ್ಲರಿಗೂ ತಪ್ಪುತ್ತದೆ. ತೀರ್ಮಾನ ಮುಖ್ಯೋಪಾಧ್ಯಾಯರ ಕೈಯಲ್ಲಿದೆ, ನನ್ನ ಮಾತು ಮುಗಿದ ಕೂಡಲೇ ಅವರು ಅದನ್ನು ಪ್ರಕಟಿಸುತ್ತಾರೆ. ಅಂದ ಮೇಲೆ ನಾನು ಬೇಗ ಮುಗಿಸುತ್ತೇನೆಯೇ?

ರುವಾನ್ ಅವರೇ, ಹಾಗೆ ನೆಲ ನೋಡಬೇಡಿ. ನೀವು ನನ್ನ ವಿದ್ಯಾರ್ಥಿ. ಸಭಿಕರೇ, ಇವರು ಮೂರನೇ ವರ್ಷದಲ್ಲಿದ್ದಾಗ ಒಂದು ದಿನ ಬಿಸಿಲಿನ ಪೀರಿಯಡ್ಡಿಗೆ ಬರದೆ ಮೇಜಿನಡಿ ಅವಿತು ಓದುತ್ತಾ ಕೂತರು. ಬೀಗದ ಹುಡುಗಿ ನೋಡಲಿಲ್ಲ, ಜಡಿದು ಹೋದಳು. ಸ್ವಲ್ಪ ಹೊತ್ತಿಗೆ ಮೂರನೇ ಮಹಡಿಯ ಕಿಟಕಿಯಲ್ಲಿ ಇವರ ತಲೆ ಕಂಡಿತು.

"ಲೇ, ಬಾಗಿಲು ತೆಗಿಯೇ! ನಂಗೆ ಅರ್ಜೆಂಟಾಗಿದೆ!"

ಇಡೀ ಬಯಲು ಆಟ ನಿಲ್ಲಿಸಿ ಮೇಲೆ ನೋಡಿತು. ಬೀಗದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಐದು ಗಂಟೆಗೆ ಮುಂಚೆ ತೆಗಿಯೋ ಹಾಗಿಲ್ಲ. ಓದ್ಕೊ ರಾಜಾ, ಚೆನ್ನಾಗಿ ಓದ್ಕೊ!"

ಕೊನೆಗೆ ನಾನೇ ಕೈ ಮುಗಿದು ಬೀಗ ತೆಗೆಸಿದೆ. ಆ ಹುಡುಗಿ ಶೆನ್ ಯುಲಾನ್ ಈಗ ಊರಿನ ಆಸ್ಪತ್ರೆಯಲ್ಲಿ ವೈದ್ಯೆ, ಈ ಮುಖ್ಯೋಪಾಧ್ಯಾಯರ ಹೆಂಡತಿ, ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ನಾನು ಕೇಳುವುದಿಲ್ಲ. ಆದರೆ ಮರುದಿನದಿಂದ ಇದೇ ರುವಾನ್ ಎಲ್ಲರಿಗಿಂತ ಮೊದಲು ಬಯಲಿಗೆ ಇಳಿಯುತ್ತಿದ್ದ. ಮೊದಮೊದಲು ನಾಚಿಕೆಗೆ, ಆಮೇಲೆ ಖುಷಿಗೆ. ಅಷ್ಟಾದರೂ ಅವನು ಪರೀಕ್ಷೆಯಲ್ಲಿ ಮುಗ್ಗರಿಸಲಿಲ್ಲ, ನೋಡಿ, ನಿಮ್ಮೆದುರೇ ಇದ್ದಾನೆ. ಕ್ಷಮಿಸಿ, ಇದ್ದಾರೆ.

ಇಷ್ಟು ಹೇಳಿ ಕೂರಬೇಕೆಂದೇ ಬಂದಿದ್ದೆ. ಆದರೆ ನಿನ್ನೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಒಂದು ಸಂಗತಿ ನಡೆಯಿತು. ನನ್ನ ಮೊಮ್ಮಗಳು ನಿಂಗ್‌ನಿಂಗ್ ಇದೇ ಶಾಲೆಯ ಮೂರನೇ ವರ್ಷದಲ್ಲಿದ್ದಾಳೆ. ಅವಳಿಗಿಷ್ಟವೆಂದು ಖಾರದ ಅಕ್ಕಿ ಶಾವಿಗೆ ಮಾಡಿದ್ದೆ. ಅವಳು ಬಟ್ಟಲು ಸರಿಸಿ, "ಅಜ್ಜಿ, ಆ ಮನವಿಗೆ ನಾನೂ ಸಹಿ ಹಾಕಿದೀನಿ" ಅಂದಳು.

"ನೀನಾ?"

"ಹೂಂ. ನಿಮ್ಗೇನು, ಆಡಿ ಅಂತೀರ. ಅಲ್ಲಿ ಪುಕ್ಕ ಒದೀತಿರೋವಾಗ ಬೇರೆ ಊರಲ್ಲಿ ಯಾರೋ ಒಬ್ಳು ನನ್ನ ಸೀಟಿಗೆ ಓದ್ತಾ ಇದಾಳೆ ಅಂತ ಅನ್ಸತ್ತೆ. ಭಯ ಆಗತ್ತೆ ಅಜ್ಜಿ."

ಊರಿಗೆಲ್ಲ ಉಪದೇಶ ಮಾಡುವವಳು ನಾನು, ನನ್ನ ಮನೆಯ ಕೂಸಿಗೆ ಇನ್ನಷ್ಟು ಶಾವಿಗೆ ಬಡಿಸಿ ಎದ್ದುಬಿಟ್ಟೆ. ಭಯ ಸುಳ್ಳಲ್ಲ. ಒಂದು ಅಂಕಕ್ಕೆ ಎಷ್ಟು ಮಕ್ಕಳು ಕಾದಿರುತ್ತಾರೆಂದು ನನಗೆ ಗೊತ್ತಿಲ್ಲವೇ? ನಿನ್ನೆ ಬಾಯಿಗೆ ಬಾರದ ಉತ್ತರ ಈಗ ಬರುತ್ತಿದೆ. ನಿಂಗ್‌ನಿಂಗ್, ಎಲ್ಲಿದ್ದೀಯೇ? ಕಂಬದ ಹಿಂದೆ ಜಾರಬೇಡ, ಕೇಳು.

ಅಲ್ಲಿ ಪೋಷಕರ ಸಾಲಿನಲ್ಲಿ ಕೂತಿರುವ ನಿನ್ನ ಅಮ್ಮ, ನನ್ನ ಮಗಳು, ನನ್ನ ತರಗತಿಯಲ್ಲೇ ಓದಿದಳು. ಶಾಲೆಯಲ್ಲಿ ನನ್ನನ್ನು ಟೀಚರ್ ಅನ್ನಬೇಕೆಂದು ನಾನೇ ಹೇಳಿದ್ದೆ. ಅವಳು ಎಷ್ಟು ಶಿಸ್ತಿನ ಹುಡುಗಿಯೆಂದರೆ ಮನೆಯಲ್ಲೂ ಟೀಚರ್ ಅಂದುಬಿಡುತ್ತಿದ್ದಳು. ಅವಳ ಎರಡನೇ ವರ್ಷದಲ್ಲಿ ನಿನ್ನ ತಾತ ತೀರಿಕೊಂಡರು. ಮಣ್ಣು ಮಾಡಿ ಬಂದು ನಾವಿಬ್ಬರೂ ಶಾಲೆಗೆ ಹೋದೆವು. ಅವಳಿಗೆ ತಿಂಗಳ ಪರೀಕ್ಷೆ, ನನಗೆ ಉತ್ತರಪತ್ರಿಕೆ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ಅಳು ಬರುತ್ತದೆ, ಅತ್ತರೆ ಓದು ಹಾಳಾಗುತ್ತದೆ. ನಮಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಸಭಿಕರೇ.

ಒಂದು ದಿನ ಬಿಸಿಲಿನ ಪೀರಿಯಡ್ಡಿನಲ್ಲಿ ಅವಳು ಪುಕ್ಕದ ಚೆಂಡು ಹಿಡಿದು ನನ್ನೆದುರು ಬಂದು ನಿಂತಳು. ನಾನು ಒದ್ದೆ, ಅವಳು ಒದ್ದಳು. ಚೆಂಡು ನನ್ನ ಹೆಗಲಿಗೆ ಬಿದ್ದಾಗ, "ಅಪ್ಪ ಆಗಿದ್ರೆ ಇದನ್ನ ಹಿಡೀತಿದ್ರು ಅಮ್ಮಾ" ಅಂದಳು. ಅಮ್ಮಾ ಅಂದಳು. ಬೀಗ ಹಾಕಿದ ತರಗತಿಯ ಎದುರು, ಎಲ್ಲ ಮಕ್ಕಳೂ ನೋಡುತ್ತಿದ್ದ ಹಾಗೆಯೇ ನಾವಿಬ್ಬರೂ ನಿಂತು ಅತ್ತೆವು. ಒಳಗೆ ಹೋಗೋಣವೆಂದರೆ ಬಾಗಿಲು ತೆರೆದಿಲ್ಲ! ಆ ಬೀಗ ಇರದಿದ್ದರೆ ಅವಳು ಇನ್ನಷ್ಟು ಲೆಕ್ಕ ಮಾಡುತ್ತಿದ್ದಳು, ನಾನು ಇನ್ನಷ್ಟು ತಿದ್ದುತ್ತಿದ್ದೆ, ಇಬ್ಬರೂ ಒಂದೇ ಮನೆಯಲ್ಲಿ ಅಪರಿಚಿತರಾಗಿ ಉಳಿಯುತ್ತಿದ್ದೆವು. ಇದನ್ನು ಇಷ್ಟು ಜನರ ಮುಂದೆ ಹೇಳಬೇಕೆಂದು ನಾನು ಬಂದಿರಲಿಲ್ಲ. ಬಂದುಬಿಟ್ಟಿತು.

ಪೋಷಕರೇ, ನಿಮ್ಮ ಕಾಳಜಿಯನ್ನು ನಾನು ಹೀಗಳೆಯುವುದಿಲ್ಲ. ಆದರೆ ನಿಮ್ಮ ಮಗು ಬಿಡುವು ಬೇಕೆಂದು ತಾನಾಗಿ ಎಂದಾದರೂ ಕೇಳುತ್ತದೆಯೇ? ಭಯಬಿದ್ದ ಮಗು ಪುಸ್ತಕ ಕೆಳಗಿಡುವುದಿಲ್ಲ. ಅದಕ್ಕಾಗಿ ದೊಡ್ಡವರು ಬೀಗ ಹಾಕಬೇಕು. ಇಡೀ ಊರಿಗೆ ಭಯವಾಗಿದ್ದಾಗ ಗು ಅವರು ಹಾಕಿದರಲ್ಲ, ನಮಗೇನು ಬಂದಿದೆ ದಾಡಿ? ಎರಡನೇ ಸ್ಥಾನ! ಎರಡನೇ ಸ್ಥಾನಕ್ಕೆ ಇಷ್ಟು ಭಯವೇ?

ಓಹೋ, ಗಂಟೆ ಬಾರಿಸುತ್ತಿದೆ. ನಾಲ್ಕಾಯಿತು. ಇಂದು ಸಮಾರಂಭವಿರುವುದರಿಂದ ಬಿಸಿಲಿನ ಪೀರಿಯಡ್ ಇಲ್ಲವೆಂದು ನೋಟೀಸು ಹಾಕಿದ್ದಾರೆ, ಎಲ್ಲರೂ ಕೂತಿರಿ. ನನ್ನದು ಇನ್ನೆರಡೇ ಮಾತು, ಆಮೇಲೆ ಮುಖ್ಯೋಪಾಧ್ಯಾಯರು ತೀರ್ಮಾನ...

ರುವಾನ್ ಅವರೇ, ಯಾಕೆ ಎದ್ದಿರಿ? ಕಾರ್ಯದರ್ಶಿಗಳೇ, ಇವರು ಎಲ್ಲಿಗೆ ಹೊರಟರು? ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದ್ದಾರೆ. ಸಭಾಂಗಣದ ಬಾಗಿಲ ಹತ್ತಿರ ಹೋಗಿ ನಿಂತಿದ್ದಾರೆ. ಕೈಯೆತ್ತಿ ಏನನ್ನೋ ತೋರಿಸುತ್ತಿದ್ದಾರೆ. ತಡೆಯಿರಿ, ಕನ್ನಡಕ ಹಾಕಿಕೊಳ್ಳುತ್ತೇನೆ.

ಬೀಗದ ಕೈ!

ಶಾಬಾಸ್, ನನ್ನಪ್ಪಾ! ಇನ್ನು ತೀರ್ಮಾನವನ್ನು ಓದಿ ಹೇಳುವ ಅಗತ್ಯವಿಲ್ಲ. ಏಳಿ ಮಕ್ಕಳೇ, ಏಳಿ! ಮೂರನೇ ವರ್ಷದವರೇ ಮೊದಲು. ಪುಸ್ತಕಗಳು ಇಲ್ಲೇ ಇರಲಿ, ಅವಕ್ಕೂ ಬೀಗ ಬೀಳಲಿ. ಇಲಾಖೆಯ ಗಣ್ಯರೇ, ನೀವೂ ಏಳಬೇಕು, ಒಳಗಿದ್ದರೆ ಐದರವರೆಗೆ ಯಾರೂ ತೆಗೆಯುವುದಿಲ್ಲ. ಬೇಕಾದರೆ ಡಾಕ್ಟರ್ ಶೆನ್ ಅವರನ್ನು ಕೇಳಿ.

ನಿಂಗ್‌ನಿಂಗ್, ಅಳುತ್ತಾ ನಿಲ್ಲಬೇಡ ಕಣೇ. ನಿನ್ನ ಅಮ್ಮನ ಕೈ ಹಿಡಿದು ಬಯಲಿಗೆ ನಡೆ, ನಾನೂ ಬಂದೆ. ನನ್ನ ಮಂಡಿ ನೋವಿನದು, ಮೆಲ್ಲಗೆ ಒದೆಯಬೇಕು, ಗೊತ್ತಾಯಿತೇ?

ನನ್ನನ್ನು ಕರೆದು ಕೂರಿಸಿ ಹೂವು ಸಿಕ್ಕಿಸಿ ಬರೆದುಕೊಟ್ಟದ್ದನ್ನು ಓದದಿದ್ದರೂ ಸಹಿಸಿಕೊಂಡ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉಳಿದ ಭಾಷಣ ಒಳಗೇ ಇರಲಿ, ಬೀಗ ಬೀಳುವ ಮುಂಚೆ ನನ್ನನ್ನೂ ಹೊರಗೆ ಬಿಡಿ. ನಮಸ್ಕಾರ.