ಪುಂಡಲೀಕಪ್ಪನ ಫೋನಿನ ಕ್ಯಾಮೆರಾ

ಕಳೆದ ನವೆಂಬರಿನ ಮೊದಲ ವಾರ ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಮೊಬೈಲಿನ ಕ್ಯಾಮೆರಾ ಕೆಟ್ಟಿತು. ವಿಷಯ ಗಂಭೀರವಾದ್ದರಿಂದ ಹಿರಿಯರೆಲ್ಲ ಕೂಡಿದರು. ಎರಡು ಸಲ ಚಹಾ ಆಯಿತು. ಕ್ಯಾಮೆರಾ ಕೆಟ್ಟಿದೆ ಎಂದು ಒಮ್ಮತದಿಂದ ತೀರ್ಮಾನವಾಯಿತು. ಅಲ್ಲಿಯವರೆಗೆ ಅದು ಚೆನ್ನಾಗಿಯೇ ಇತ್ತು.

ಫೋನು ನನ್ನ ಕಾಕಾನ ಮಗ ಪುಂಡಲೀಕಪ್ಪನದು. ಅವನ ಮಗಳು ಅಂಕಿತಾ ಒಂದು ಸೆಮಿಸ್ಟರ್ ಓದಲು ಫಿನ್‌ಲ್ಯಾಂಡಿಗೆ ಹೋಗಿದ್ದಳು. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಯಮನವ್ವ, ಇಡೀ ಓಣಿಗೇ ಆಯಿ, ಇಲ್ಲಿ ಒಳಕೋಣೆಯಲ್ಲಿ ಸಾಯುತ್ತಿದ್ದಳು. ಆಯಿಯ ಮುಖ ನೋಡಿದರೆ ಹುಡುಗಿ ಪರೀಕ್ಷೆ ಬಿಟ್ಟು ಓಡಿ ಬರುತ್ತಾಳೆ ಎಂಬುದು ನಮ್ಮ ಹೆದರಿಕೆ.

"ಆಕಿ ಮಾರಿ ಫೋನ್‌ನ್ಯಾಗರ ತೋರಸೋ," ಎಂದಳು ಆಯಿ.

"ಕ್ಯಾಮೆರಾ ಕೆಟ್ಟೈತಿ ಯವ್ವಾ," ಎಂದ ಪುಂಡಲೀಕಪ್ಪ.

"ಆತು. ರಿಪೇರಿ ಆಗೂತನಾ ಇರ್ತೀನಿ ತಗೋ."

ಇರಲಿಲ್ಲ. ಮರುದಿನ ಮಣ್ಣು ಮಾಡಿ ಬಂದೆವು. ಅಂಕಿತಾಗೆ ಹೇಳಲಿಲ್ಲ. ಕ್ಯಾಮೆರಾದ ಸುದ್ದಿ ಮಾತ್ರ ಹೇಳಿದೆವು.

ಅವಳು ರವಿವಾರ ಸಂಜೆ ಏಳಕ್ಕೆ ಫೋನು ಮಾಡುತ್ತಿದ್ದಳು. ಆಯಿಗೆ ಗಂಟಲು ಕಟ್ಟಿದೆ, ಮಾತಾಡಲಾರಳು ಎಂದು ಹೇಳಿದ್ದಾಯಿತು. ಆದರೆ ಸಪ್ಪಳ? ಲಾಳಿಯ ಕಂಡಿಕೆಗೆ ನೂಲು ಸುತ್ತುವ ರಾಟಿಯ ಮುಂದೆ ಆಯಿ ಕೂಡದ ಸಂಜೆ ಆ ಮನೆಯಲ್ಲಿ ಇರಲಿಲ್ಲ. ಮೂರು ಸುತ್ತು ಗುರ್ರ್... ಆಮೇಲೆ ಅವಳ ಬೆಳ್ಳಿ ಕಡಗ ಹಿಡಿಕೆಗೆ ತಾಗಿ ಟಕ್. ಅದು ಕೇಳದಿದ್ದರೆ ಹುಡುಗಿಗೆ ಸಂಶಯ ಬರುತ್ತದೆ. ಸೂತಕದ ಮನೆಯಲ್ಲಿ ರಾಟಿ ಮುಟ್ಟಬಾರದು. ಮುಟ್ಟಿದೆವು. ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕಡಗದ ಸಪ್ಪಳಕ್ಕೆ ಚಮಚ ಇಟ್ಟುಕೊಂಡೆ.

"ಇಪ್ಪತ್ತ ವರ್ಷದಾಗ ಒಂದ ಕಂಡಿಕಿ ಸುತ್ತಲಿಲ್ಲ," ಎಂದಳು ನನ್ನ ಹೆಂಡತಿ ಶೈಲಾ. "ಈಗ ಚಲೋ ನೇಕಾರ ಆದ್ರಿ ನೋಡ್ರಿ."

ಮೂರನೆಯ ರವಿವಾರ. ಅಲ್ಲಿ ಮಧ್ಯಾಹ್ನ ಮೂರೂವರೆ. ಆ ದೇಶದಲ್ಲಿ ಆಗಲೇ ಕತ್ತಲು... ಮಧ್ಯಾಹ್ನವೇ ರಾತ್ರಿಯಾಗುವ ಊರು ಅದು. ಅಂಕಿತಾ ಹಾಸ್ಟೆಲ್ಲಿಗೆ ನಡೆದು ಹೋಗುತ್ತಿದ್ದಳು. ದಾರಿಯಲ್ಲಿ ಒಂದು ಹಳೆಯ ಬಾವಿ ಬರುತ್ತದೆ ಎಂದು ಅವಳೇ ಹೇಳಿದ್ದಳು. ಮೇಲೆ ಹಲಗೆ, ಹಲಗೆಗೆ ಬೀಗ. ಫೋನಿನ ಸ್ಪೀಕರಿನಲ್ಲಿ ಹಿಮ ತುಳಿಯುವ ಸಪ್ಪಳ ನಮಗೆ ಕೇಳುತ್ತಿತ್ತು. ಕರಕ್... ಕರಕ್...

"ಅಪ್ಪಾ, ರಾಟಿ ಯಾರ ತಿರುಗ್ಸಾಕತ್ತಾರ?"

"ಆಯಿ. ಮತ್ತ್ಯಾರು?"

ಹೆಜ್ಜೆ ನಿಂತಿತು.

"ಬಾವಿ ಕಟ್ಟಿ ಮ್ಯಾಲೆ ಯಾರೋ ಕುಂತಾರ..." ಪಿಸುಗುಟ್ಟಿದಳು. "ಹಿಮದಾಗ... ಬರಿಗಾಲಿಲೆ."

ನನ್ನ ಕೈ ನಿಂತಿತು. ಚಮಚ ಕೆಳಗಿಟ್ಟೆ.

ಫೋನಿನಿಂದ ಬಂತು. ಗುರ್ರ್... ಗುರ್ರ್... ಗುರ್ರ್... ಟಕ್.

ಶೈಲಾ ನನ್ನ ಕೈ ನೋಡಿದಳು. ಎರಡೂ ತೊಡೆಯ ಮೇಲಿದ್ದವು.

"ಆಯೀ," ಎಂದಳು ಅಂಕಿತಾ. "ಯಾವಾಗ ಬಂದಿ?"

ಉತ್ತರ ನಮಗೆ ಕೇಳಲಿಲ್ಲ. ಅವಳಿಗೆ ಕೇಳಿತು. "ಹೂಂ," ಎಂದಳು. ಸ್ವಲ್ಪ ಬಿಟ್ಟು ಮತ್ತೆ "ಹೂಂ." ಅವಳು ಅಳುತ್ತಿರುವುದು ಆಮೇಲೆ ಗೊತ್ತಾಯಿತು. "ನೋಡು ಆಯಿ... ಕಣ್ತುಂಬ ನೋಡು."

ಪುಂಡಲೀಕಪ್ಪ ಫೋನಿನ ಹತ್ತಿರ ಸರಿದ.

"ಅಪ್ಪಾ," ಎಂದಳು. ದನಿ ಬಹಳ ಸಣ್ಣಗಿತ್ತು. "ಆಯಿಗೂ ಕ್ಯಾಮೆರಾ ಕೆಟ್ಟೈತಿ ಅಂತ ಹೇಳಿದ್ದೀ ಏನಪ್ಪಾ?"

ಅವನು ಬಾಯಿ ತೆರೆದ. ಫೋನು ಕಟ್ಟಾಯಿತು.

ಇದು ಮನಸ್ಸಿನ ಭ್ರಮೆ ಎಂದು ಓದಿದವರು ನನಗೆ ತಿಳಿಸಿ ಹೇಳಿದ್ದಾರೆ. ಊರು ಬಿಟ್ಟ ಹುಡುಗಿ, ಚಳಿ, ಕತ್ತಲು. ಇರಬಹುದು. ಭ್ರಮೆ ನನ್ನ ಕಿವಿಗೂ ಶೈಲಾಳ ಕಿವಿಗೂ ಒಂದೇ ಹೊತ್ತಿಗೆ ಬಂದದ್ದು ಹೇಗೆ ಎಂದು ಕೇಳಿದರೆ ಅವರು ಗಡಿಯಾರ ನೋಡುತ್ತಾರೆ. ಹೇಳುವುದು ನನ್ನ ಕೆಲಸ, ನಂಬುವುದು ನಿಮಗೆ ಬಿಟ್ಟದ್ದು. ನಡೆದದ್ದು ಮಾತ್ರ ಖರೆ.

ಜನವರಿಯಲ್ಲಿ ಅಂಕಿತಾ ಬಂದಳು. ಮನೆಗೆ ಬರುವ ಮೊದಲೇ ಆಯಿಯನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕುಳಿತಳು. ಕರೆಯಲು ಹೋದವನು ನಾನು. ಬ್ಯಾಗಿನಿಂದ ಒಂದು ಕಾಗದ ತೆಗೆದು ಕೈಗೆ ಕೊಟ್ಟಳು. ಹಾಸ್ಟೆಲ್ಲಿನ ಎಚ್ಚರಿಕೆ ಪತ್ರ, ಇಂಗ್ಲಿಷಿನಲ್ಲಿ, ಸಹಿ ಸಮೇತ. ವಯಸ್ಸಾದ ಮಹಿಳೆಯೊಬ್ಬರನ್ನು ಅನುಮತಿ ಪಡೆಯದೆ ಒಂಬತ್ತು ರಾತ್ರಿ ಕೋಣೆಯಲ್ಲಿ ಇರಿಸಿಕೊಂಡಿದ್ದೀರಿ, ಪಕ್ಕದ ಕೋಣೆಯವರು ದೂರು ಕೊಟ್ಟಿದ್ದಾರೆ, ಮುಂದೆ ಹೀಗಾಗಬಾರದು ಎಂದಿತ್ತು.

ಅಂಕಿತಾ ಐದೂ ವಿಷಯಗಳಲ್ಲಿ ಪಾಸಾಗಿದ್ದಾಳೆ. ಅಪ್ಪನ ಜೊತೆ ಇನ್ನೂ ಮಾತಾಡಿಲ್ಲ.